ಕಿವಿಯಲ್ಲಿ ಹಾಡುವ ನೊಣ

ಹೋದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ಹದಿನೈದು ದಿನ ನಮ್ಮನೆಯಲ್ಲಿದ್ದ. ಒಂಬತ್ತು ವರ್ಷದವನು. ಮಲಗುವ ಮುಂಚೆ ಅವನಿಗೆ ದಿನಾ ಒಂದು ಹೊಸ ಸಂಗತಿ ಬೇಕು. ನನ್ನ ಕತೆಗಳ ಸ್ಟಾಕು ಮೂರನೇ ದಿನಕ್ಕೇ ಖಾಲಿಯಾಗಿತ್ತು. ಒಂದು ರಾತ್ರಿ ಬೇರೇನೂ ತೋಚದೆ, ಫೋನಿನಲ್ಲಿ ಓಓ ಹಕ್ಕಿಯ ಹಾಡು ಹಾಕಿದೆ. ಹವಾಯಿಯ ಕವಾಯಿ ದ್ವೀಪದ ಹಕ್ಕಿ ಅದು. ನಿಮ್ಮಲ್ಲಿ ಸುಮಾರು ಜನ ಕೇಳಿರುತ್ತೀರಿ. 'ಜಗತ್ತಿನ ಕೊನೆಯ ಓಓ ತನ್ನ ಜೊತೆಗಾತಿಯನ್ನು ಕರೆಯುತ್ತಿದೆ, ಅವಳು ಎಂದೂ ಬರುವುದಿಲ್ಲ' ಎಂಬ ಒಕ್ಕಣೆ ಹೊತ್ತುಕೊಂಡು ಆ ತುಣುಕು ಊರೆಲ್ಲ ಸುತ್ತಿ ಬಂದಿದೆ. ಕೊಳಲೂ ಹೌದು, ಗಂಟೆಯೂ ಹೌದು ಎನ್ನುವಂಥ ದನಿ. ಎರಡು ಸ್ವರ, ಸ್ವಲ್ಪ ಮೌನ, ಮತ್ತೆ ಎರಡು ಸ್ವರ. ಹಿಂದೆ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು. ನಾನು ಮೊದಲ ಸಲ ಕೇಳಿದಾಗ ಕುಕ್ಕರಿನ ಮುಂದೆ ನಿಂತುಕೊಂಡೇ ಅತ್ತುಬಿಟ್ಟಿದ್ದೆ.

ಹುಡುಗ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿದ. ಆಮೇಲೆ, "ದೊಡ್ಡಮ್ಮ, ತಾನೊಬ್ಬನೇ ಉಳಿದಿರೋದು ಅಂತ ಅದಕ್ಕೆ ಗೊತ್ತಿತ್ತಾ?" ಅಂದ. ಏನು ಹೇಳಲಿ ಅಂತ ನಾನು ಯೋಚಿಸುತ್ತಿದ್ದಾಗಲೇ ಅವನ ಕಿವಿಯ ಹತ್ತಿರ ಗುಂಯ್ ಅಂತು. ಚಂಗನೆ ಎದ್ದ. ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ ಸೊಳ್ಳೆ ಬ್ಯಾಟು ಬೀಸಿದ. ಪಟ್. ಸುಟ್ಟ ವಾಸನೆ. "ಒಂದು ಹೋಯ್ತು" ಅಂತ ಸಮಾಧಾನದಿಂದ ಮಲಗಿ ನಿದ್ದೆ ಹೋದ.

ನನಗೆ ನಿದ್ದೆ ಬರಲಿಲ್ಲ. ಅವನು ಹಕ್ಕಿಯ ಮನಸ್ಸಿನ ಬಗ್ಗೆ ಕೇಳಿದ್ದ. ಅದನ್ನು ಹೇಳುವುದು ಹೇಗೋ ಏನೋ. ಆದರೆ ಆ ಹಕ್ಕಿಯನ್ನು ಒಂಟಿ ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಆಗಷ್ಟೇ ನಮ್ಮ ಬ್ಯಾಟಿನ ತಂತಿಗೆ ಅಂಟಿಕೊಂಡು ಕೂತಿತ್ತು. ಅದನ್ನು ನಾನವನಿಗೆ ಹೇಳಲಿಲ್ಲ. ಆವತ್ತಿನಿಂದ ಅದು ಕೊರೆಯುತ್ತಲೇ ಇದೆ.

ಪಿಕಳಾರದಷ್ಟು ಹಕ್ಕಿ

ಓಓ ನೋಡಲು ಅಂಥ ಸುಂದರಾಂಗನೇನಲ್ಲ. ಪಿಕಳಾರದಷ್ಟೇ ಗಾತ್ರ, ಇಪ್ಪತ್ತು ಸೆಂಟಿಮೀಟರ್. ಮಸಿಯಂಥ ಮೈ, ತುಸು ಬಾಗಿದ ಚೂಪು ಕೊಕ್ಕು. ತೊಡೆಗೆ ಮಾತ್ರ ಅರಿಶಿನ ಬಣ್ಣ, ಹಳದಿ ಚಡ್ಡಿ ಹಾಕಿಕೊಂಡ ಹಾಗೆ. ಅದರ ಕುಲದ ವೈಜ್ಞಾನಿಕ ಹೆಸರು ಮೋಹೋ. ನಮ್ಮ ಮೋಹಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ಕನ್ನಡದವರ ಕಿವಿಗೆ ಅದು ಸುಮ್ನೆ ದಾಟಿಹೋಗುವ ಹೆಸರಲ್ಲ. ಹವಾಯಿಯ ಬೇರೆ ಬೇರೆ ದ್ವೀಪಗಳಲ್ಲಿ ನಾಲ್ಕು ಬಗೆಯ ಓಓಗಳಿದ್ದವು. ಅವುಗಳ ಬಂಧು ಕಿಯೋಯಾ ಎಂಬುದು ಐದನೆಯದು. ಐದೂ ಹೂವಿನ ಮಕರಂದ ಹೀರುತ್ತಿದ್ದವು. ಆಸ್ಟ್ರೇಲಿಯಾ ಕಡೆಯ ಜೇನುಹೀರುಕ ಹಕ್ಕಿಗಳ ದಾಯಾದಿಗಳಿರಬೇಕು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. 2008ರಲ್ಲಿ ಮ್ಯೂಸಿಯಂನಲ್ಲಿದ್ದ ಹಳೇ ಚರ್ಮಗಳಿಂದ ಡಿಎನ್‌ಎ ತೆಗೆದು ನೋಡಿದರೆ ಆ ನೆಂಟಸ್ತಿಕೆಯೇ ಸುಳ್ಳು. ಇವು ಬೇರೆಯದೇ ಒಂದು ಕುಟುಂಬ. ದೂರದ ದ್ವೀಪಕ್ಕೆ ಬಂದು, ಅಲ್ಲಿನ ಹೂವಿಗೆ ತಕ್ಕ ಕೊಕ್ಕು ನಾಲಿಗೆ ಬೆಳೆಸಿಕೊಂಡು, ಹಾಗೆ ಕಾಣುತ್ತಿದ್ದವು ಅಷ್ಟೇ. ಇದು ಹೊಸದೇ ಕುಟುಂಬ ಎಂದು ನಮಗೆ ಗೊತ್ತಾಗುವಾಗ ಅದರಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ಯಾರದೋ ಮನೆಯ ವಂಶವೃಕ್ಷ ಬರೆಯಲು ಕೂತು, ಮುಗಿಸಿ ತಲೆ ಎತ್ತಿದರೆ ಮನೆಯೇ ಖಾಲಿ.

ಕವಾಯಿಯ ಓಓ ಕೊನೆಗೆ ಉಳಿದುಕೊಂಡದ್ದು ಅಲಕಾಯಿ ಎಂಬ ಜೌಗು ಕಾಡಿನಲ್ಲಿ. ದ್ವೀಪದ ನಡುವಿನ ಎತ್ತರದ ಹಾಸು ಅದು, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಮೇಲೆ. ಪಕ್ಕದ ವಾಯಿಆಲೆಆಲೆ ಶಿಖರದಲ್ಲಿ ಬೀಳುವ ಮಳೆಯ ಮುಂದೆ ನಮ್ಮ ಆಗುಂಬೆಯದ್ದೂ ಕಮ್ಮಿ. ಮೊಣಕಾಲುದ್ದ ಕೆಸರು, ಪಾಚಿ ಹೊದ್ದ ಗಿಡ್ಡ ಮರಗಳು, ಮುಗಿಯದ ಮಂಜು. ಮನುಷ್ಯರಿಗೆ ಬೇಡವಾದ ಜಾಗ. ಓಓಗೂ ಅದು ತಾನಾಗಿ ಆರಿಸಿಕೊಂಡ ಜಾಗವಾಗಿರಲಿಲ್ಲ. ಒಂದು ಕಾಲದಲ್ಲಿ ದ್ವೀಪದ ತುಂಬ, ತಗ್ಗಿನ ಕಾಡಿನಲ್ಲೂ ಇದ್ದ ಹಕ್ಕಿ ಮೇಲೆ ಮೇಲೆ ತಳ್ಳಿಸಿಕೊಂಡು ಅಲ್ಲಿಗೆ ಬಂದು ನಿಂತಿತ್ತು. 1970ರ ದಶಕದಲ್ಲಿ ಜಾನ್ ಸಿಂಕಾಕ್ ಎಂಬ ವನ್ಯಜೀವಿ ತಜ್ಞರಿಗೆ ಅಲ್ಲಿ ಅದರ ಗೂಡು ಸಿಕ್ಕಿತು. ಮುದಿ ಓಹಿಯ ಮರದ ಪೊಟರೆಯಲ್ಲಿ. 1981ರ ಹೊತ್ತಿಗೆ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಜೋಡಿ. 1982ರ ನವೆಂಬರಿನಲ್ಲಿ ಇವಾ ಚಂಡಮಾರುತ ಬಂತು. ಪೊಟರೆಯಿರುವ ಮುದಿ ಮರಗಳು ಉರುಳಿದವು. ಆಮೇಲೆ ಹೆಣ್ಣು ಕಾಣಲಿಲ್ಲ. ಗಂಡನ್ನು ಕೊನೆಯ ಸಲ ನೋಡಿದ್ದು 1985ರಲ್ಲಿ. ಅದರ ದನಿ ಕೊನೆಯ ಸಲ ಕೇಳಿದ್ದು 1987ರಲ್ಲಿ. 1992ರಲ್ಲಿ ಇನಿಕಿ ಎಂಬ ಇನ್ನೂ ದೊಡ್ಡ ಚಂಡಮಾರುತ ಬಂತು. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ 21 ಹೆಸರು ತೆಗೆದುಹಾಕಿತು. ಚೇತರಿಸಿಕೊಂಡವು ಅಂತಲ್ಲ, ಇನ್ನು ಇಲ್ಲ ಅಂತ. ಅದರಲ್ಲಿ ಎಂಟು ಹವಾಯಿಯ ಹಕ್ಕಿಗಳು. ಓಓ ಅವುಗಳಲ್ಲೊಂದು.

ಕೇಪಳದ ತೊಟ್ಟು

ಮಕರಂದ ಹೀರುವ ಹಕ್ಕಿ ಅಂದ ಕೂಡಲೇ ನನಗೆ ನೆನಪಾಗುವುದು ನಾವೇ. ನಾನು ಹುಟ್ಟಿ ಬೆಳೆದದ್ದು ಪುತ್ತೂರಿನ ಕಡೆ. ಶಾಲೆಗೆ ಗುಡ್ಡ ಹತ್ತಿ ಇಳಿದು ಹೋಗಬೇಕು. ದಾರಿಯುದ್ದಕ್ಕೂ ಕೇಪಳದ ಪೊದೆ. ಕೆಂಪು ಗೊಂಚಲಿನಿಂದ ಒಂದೊಂದೇ ಹೂ ಕೀಳಬೇಕು. ನಡುವೆ ಕೂದಲೆಳೆಯಷ್ಟು ಸಣ್ಣ ದಂಟು ಇರುತ್ತದೆ. ಅದನ್ನು ಹೂವಿನ ಬುಡದಿಂದ ಮೆಲ್ಲ ಎಳೆದರೆ ತುದಿಯಲ್ಲಿ ಒಂದು ಹನಿ ಅಂಟಿಕೊಂಡು ಬರುತ್ತದೆ. ಸಾಸಿವೆಗಿಂತ ಚಿಕ್ಕದು. ಅದನ್ನು ನಾಲಿಗೆಗೆ ಮುಟ್ಟಿಸಬೇಕು. ಜೋರಾಗಿ ಎಳೆದರೆ ದಂಟು ತುಂಡಾಗಿ ಹನಿ ಒಳಗೇ ಉಳಿಯುತ್ತದೆ. ಹನಿ ಸಿಕ್ಕರೂ ಸಿಹಿ ಅಂತ ಗೊತ್ತಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಒಂದು ಗೊಂಚಲು ಮುಗಿಸಿದರೂ ಹಸಿವೇನೂ ತಣಿಯುವುದಿಲ್ಲ. ಆದರೆ ಗಂಟೆ ಬಾರಿಸುವುದು ತಪ್ಪಿಹೋಗುತ್ತಿತ್ತು, ಹೊರಗೆ ನಿಲ್ಲುವುದು ಖಾತ್ರಿಯಾಗುತ್ತಿತ್ತು.

ಮನೆಯ ಅಂಗಳದ ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತು. ಅದು ನಮಗಿಂತ ಜಾಣ. ಹೂವಿನ ಬಾಯಿಯಿಂದ ಒಳಗೆ ಹೋಗುವ ಗೋಜೇ ಇಲ್ಲ. ಬುಡದ ಹತ್ತಿರ ತೊಟ್ಟು ಹಿಡಿದು ಕೂತು, ಪಕ್ಕದಿಂದ ಕೊಕ್ಕಿನಲ್ಲಿ ತೂತು ಮಾಡಿ ಹೀರಿಕೊಂಡು ಹೋಗುತ್ತಿತ್ತು. "ಕಳ್ಳ, ಹಿಂದಿನ ಬಾಗಿಲಿಂದ ಬಂದು ತಿಂದ" ಅಂತ ಅಜ್ಜಿ ನಗುತ್ತಿದ್ದರು. ಮುಂದಿನ ಬಾಗಿಲಿಂದ ಬಂದರೆ ತಲೆಗೆ ಪರಾಗ ಮೆತ್ತಿಕೊಳ್ಳುತ್ತದೆ, ಹೂವಿಗೆ ಲಾಭ. ಹಿಂದಿನ ಬಾಗಿಲಿಂದ ಬಂದರೆ ಹೂವಿಗೆ ನಷ್ಟ. ನಮ್ಮಲ್ಲಿ ಇದೊಂದು ತಮಾಷೆ. ದಾಸವಾಳಕ್ಕೆ ಬರುವವರು ಬೇಕಾದಷ್ಟು ಜನ.

ಹವಾಯಿಯಲ್ಲಿ ಹಾಗಲ್ಲ. ಅಲ್ಲಿಯ ಕಾಡುಗಳಲ್ಲಿ ಲೊಬೀಲಿಯ ಕುಟುಂಬದ ನೂರಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ನಮ್ಮ ಕುದುರೆಮುಖದ ಹುಲ್ಲುಗುಡ್ಡಗಳಲ್ಲಿ ಆಳೆತ್ತರ ನಿಲ್ಲುವ ಕಾಡುಹೊಗೆಸೊಪ್ಪಿನ ದೂರದ ನೆಂಟರು. ಅವುಗಳಲ್ಲಿ ಎಷ್ಟೋ ಗಿಡಗಳ ಹೂ ಉದ್ದ ಕೊಳವೆ, ಕುಡುಗೋಲಿನಂತೆ ಬಾಗಿರುತ್ತದೆ. ಅಲ್ಲಿಯ ಕೆಲವು ಹಕ್ಕಿಗಳ ಕೊಕ್ಕೂ ಅದೇ ಬಾಗು. ಮೊಲೊಕಾಯಿ ದ್ವೀಪದಲ್ಲಿ 1893ರಲ್ಲಿ ಪರ್ಕಿನ್ಸ್ ಎಂಬ ನಿಸರ್ಗ ವಿಜ್ಞಾನಿ ಕಪ್ಪು ಮಾಮೋ ಎಂಬ ಹಕ್ಕಿಯನ್ನು ಕಂಡರು. ಅದು ಈ ಹೂಗಳಿಗೆ ತಲೆ ತೂರಿಸಿ, ಹಣೆಯ ತುಂಬ ಪರಾಗ ಮೆತ್ತಿಕೊಂಡು ಓಡಾಡುತ್ತಿತ್ತು. ವಿಭೂತಿ ಬಳಿದುಕೊಂಡ ಅಜ್ಜನ ಹಾಗೆ ಅಂದುಕೊಳ್ಳಿ. 1907ರ ನಂತರ ಅದನ್ನು ಕಂಡವರಿಲ್ಲ. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಇಯೆಇಯೆ ಎಂಬ ಬಳ್ಳಿ ಅಲ್ಲಿದೆ, ನಮ್ಮ ಕೇದಗೆಯ ಕುಟುಂಬದ್ದು. ಅದರ ಪರಾಗವನ್ನು ಹಿಂದೆ ಯಾರು ಹೊರುತ್ತಿದ್ದರು ಅಂತ ಗೊತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಪಾಲ್ ಕಾಕ್ಸ್ ಎಂಬ ಸಸ್ಯವಿಜ್ಞಾನಿ ಮ್ಯೂಸಿಯಂನಲ್ಲಿದ್ದ ಹಳೇ ಹಕ್ಕಿಗಳ ಚರ್ಮ ತೆಗೆದು ನೋಡಿದರು. ತಲೆಯ ಗರಿಗಳ ಸಂದಿಯಲ್ಲಿ ಆ ಬಳ್ಳಿಯ ಪರಾಗ ಇನ್ನೂ ಇತ್ತು. ಗುಂಡು ತಿಂದು, ಒಣಗಿ, ಹತ್ತಿ ತುಂಬಿಸಿಕೊಂಡು, ಹತ್ತಾರು ವರ್ಷ ಡ್ರಾಯರಿನ ಕತ್ತಲಲ್ಲಿ ಮಲಗಿದ್ದ ಹಕ್ಕಿ ಆವತ್ತು ತಲುಪಿಸಬೇಕಾಗಿದ್ದ ಕಾಗದವನ್ನು ಕೈಯಲ್ಲೇ ಇಟ್ಟುಕೊಂಡಿತ್ತು. ಈಗ ಆ ಬಳ್ಳಿಗೆ ಬರುವುದು ಜಪಾನಿನಿಂದ ತಂದು ಬಿಟ್ಟ ಬೆಳ್ಗಣ್ಣ ಹಕ್ಕಿ. ಕೆಲಸ ನಡೆಯುತ್ತಿದೆ. ಟಪಾಲಿನವನು ಬದಲಾಗಿದ್ದಾನೆ ಅಷ್ಟೇ.

ಮೇಣ, ಗರಿ, ಮುಂಗುಸಿ

ಹಕ್ಕಿಗಳು ಹೋದವು ಅಂದಾಗ ಸಾಮಾನ್ಯವಾಗಿ ಮೊದಲು ಬೆರಳು ಹೋಗುವುದು ಗರಿಯ ಕಡೆಗೆ. ಹವಾಯಿಯ ಅರಸರು ತೊಡುತ್ತಿದ್ದ ನಿಲುವಂಗಿಗಳಿಗೆ ಹಳದಿ ಕೆಂಪು ಗರಿ ಬೇಕಿತ್ತು. ಜನ ಗರಿಯಲ್ಲೇ ಕಂದಾಯ ಕಟ್ಟುತ್ತಿದ್ದರು. ಮೊದಲನೆಯ ಕಮೆಹಮೆಹಾ ದೊರೆಯ ಹಳದಿ ನಿಲುವಂಗಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿದೆ. ಅದಕ್ಕೆ ಸುಮಾರು 80 ಸಾವಿರ ಮಾಮೋ ಹಕ್ಕಿಗಳ (ಕಪ್ಪು ಮಾಮೋ ಅಲ್ಲ, ಹಳದಿ ಗರಿಯಿದ್ದ ಅದರ ದಾಯಾದಿ) ಗರಿ ಬೇಕಾಗಿರಬಹುದು ಅಂತ ಅಂದಾಜು. ಹಕ್ಕಿ ಹಿಡಿಯುವವರು ಕೊಂಬೆಗೆ ಅಂಟು ಸವರಿ ಕಾಯುತ್ತಿದ್ದರು. ಅಂಟು ಯಾವುದು ಗೊತ್ತಾ? ಜೀಗುಜ್ಜೆಯ ಮೇಣ. ಓದುತ್ತಿದ್ದಂತೆ ನನ್ನ ಬೆರಳುಗಳೇ ಅಂಟಿದ ಹಾಗಾಯಿತು. ನಮ್ಮ ಕಡೆ ಹಲಸಿನ ಮೇಣ ಕಾಯಿಸಿ ಕಡ್ಡಿಗೆ ಸುತ್ತಿ ಹಕ್ಕಿ ಹಿಡಿಯುವ ಹುಡುಗರಿದ್ದರು. ದೊಡ್ಡಪ್ಪನ ಮಗ ಒಮ್ಮೆ ಹಾಗೆ ಒಂದು ಪಿಕಳಾರ ಹಿಡಿದ. ಎಣ್ಣೆ ಹಚ್ಚಿ ಬಿಡಿಸಲು ಹೋಗಿ ಅದರ ಅರ್ಧ ರೆಕ್ಕೆ ಕಿತ್ತುಬಂತು. ಅಜ್ಜಿ ಅವನಿಗೆ ಎರಡು ದಿನ ಅನ್ನ ಬಡಿಸಲಿಲ್ಲ, ಅವನಮ್ಮನೇ ಬಡಿಸಬೇಕಾಯಿತು.

ಆದರೆ ಗರಿಯೊಂದರಿಂದಲೇ ಎಲ್ಲ ಮುಗಿಯಿತು ಅಂತ ನನಗನ್ನಿಸುವುದಿಲ್ಲ. ಶತಮಾನಗಟ್ಟಲೆ ಗರಿ ಕಿತ್ತರೂ ಹಕ್ಕಿಗಳು ಇದ್ದವು. ಕವಾಯಿಯ ಓಓಗಂತೂ ಕೀಳಲು ಯೋಗ್ಯವಾದ ಹಳದಿ ಇದ್ದದ್ದೇ ತೊಡೆಯಲ್ಲಿ ಒಂದಿಷ್ಟು. ಆಮೇಲೆ ಬಂದವರ ಪಟ್ಟಿ ಉದ್ದವಿದೆ. ದನ, ಆಡು, ಹಂದಿ, ಹಡಗಿನ ಇಲಿ, ಕಬ್ಬಿನ ತೋಟ. ನಮ್ಮವರೂ ಇದ್ದಾರೆ. 1865ರಲ್ಲಿ ಹುಳ ತಿನ್ನಲಿ ಅಂತ ಭಾರತದಿಂದ ಗೊರವಂಕ ತರಿಸಿದರು. 1883ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ ಮುಂಗುಸಿ ತಂದರು. ಜಮೈಕಾದಿಂದ ತಂದದ್ದು, ಆದರೆ ಅಲ್ಲಿಗೆ ಅದು ಹೋಗಿದ್ದು ಕಲ್ಕತ್ತದಿಂದ. ಇಲಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು. ಇಬ್ಬರಿಗೂ ಮುಖಾಮುಖಿ ಕಮ್ಮಿ. ಹಕ್ಕಿಯ ಮೊಟ್ಟೆ ಮಾತ್ರ ಎರಡೂ ಪಾಳಿಯಲ್ಲಿ ಸಿಗುತ್ತಿತ್ತು. ಕವಾಯಿ ದ್ವೀಪದಲ್ಲಿ ಮುಂಗುಸಿ ನೆಲೆಯೂರಲಿಲ್ಲ. ಅಲ್ಲಿಯ ಓಓ ಉಳಿದವಕ್ಕಿಂತ ಹೆಚ್ಚು ದಿನ ಬಾಳಿದ್ದರಲ್ಲಿ ಇದರ ಪಾಲೂ ಇರಬೇಕು.

ಲಹೈನಾದ ಹೊಳೆ

ಇಷ್ಟೆಲ್ಲ ಇದ್ದರೂ, ನಿಜವಾದ ಕತೆ ಒಂದು ಪೀಪಾಯಿಯ ತಳದಲ್ಲಿದೆ. 1826ರಲ್ಲಿ ವೆಲಿಂಗ್ಟನ್ ಎಂಬ ಹಡಗು ಮೆಕ್ಸಿಕೋ ಕರಾವಳಿಯಿಂದ ಮಾವಿ ದ್ವೀಪದ ಲಹೈನಾ ಬಂದರಿಗೆ ಬಂತು. ನಾವಿಕರು ಕುಡಿಯುವ ನೀರು ತುಂಬಿಸಿಕೊಳ್ಳಲು ಇಳಿದರು. ತುಂಬುವ ಮುಂಚೆ ಪೀಪಾಯಿಯ ತಳದ ಹಳೇ ನೀರನ್ನು ಹೊಳೆಗೆ ಚೆಲ್ಲಿದರು. ಯಾರಾದರೂ ಮಾಡುವ ಕೆಲಸವೇ. ಬಿಂದಿಗೆ ತೊಳೆಯದೆ ಹೊಸ ನೀರು ಯಾರು ತುಂಬುತ್ತಾರೆ? ಆ ಕೊಳೆನೀರಿನಲ್ಲಿ ಸೊಳ್ಳೆಯ ಮರಿಗಳಿದ್ದವು. ಅಲ್ಲಿಯ ತನಕ ಹವಾಯಿಯಲ್ಲಿ ಸೊಳ್ಳೆ ಇರಲಿಲ್ಲ. ಒಂದೂ ಇರಲಿಲ್ಲ. ನನಗೆ ಇದನ್ನು ಊಹಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸೊಳ್ಳೆಯೇ ಇಲ್ಲದ ಊರು. ಸಂಜೆ ಆರಕ್ಕೆ ಕಿಟಕಿ ಮುಚ್ಚಬೇಕಿಲ್ಲ. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ಹೊಸ ಬಗೆಯ ತುರಿಕೆ ಎದ್ದಾಗ ಜನ ಮಿಷನರಿಗಳ ಹತ್ತಿರ ಹೋಗಿ, ಇದೊಂದು ಹೊಸ ನೊಣ, ಕಿವಿಯಲ್ಲಿ ಹಾಡುತ್ತದೆ ಅಂದರಂತೆ.

ಕಿವಿಯಲ್ಲಿ ಹಾಡುವ ನೊಣ. ದ್ವೇಷವೇ ಇಲ್ಲದ ಮಾತು. ಮೊದಲ ಸಲ ಕೇಳಿದವರಿಗೆ ಅದು ಹಾಡಾಗಿಯೇ ಕೇಳಿಸಿತು.

ಆ ಸೊಳ್ಳೆ ಹಕ್ಕಿಗಳಿಗೆ ಮಲೇರಿಯಾ ಹರಡಿತು. ನಮಗೆ ಬರುವ ಮಲೇರಿಯಾ ಅಲ್ಲ, ಹಕ್ಕಿಗಳದ್ದೇ ಬೇರೆ. ಜೊತೆಗೆ ಹಕ್ಕಿಗಳ ಸಿಡುಬು. ಆ ರೋಗಾಣುಗಳು ಹೊರಗಿನಿಂದ ತಂದ ಹಕ್ಕಿಗಳ ಮೈಯಲ್ಲಿ ಬಂದವು. ಈ ರೋಗಕ್ಕೆ ಒಡ್ಡಿಕೊಂಡೇ ಬೆಳೆದ ನಮ್ಮ ಕಡೆಯ ಹಕ್ಕಿಗಳು ಒಂದೆರಡು ದಿನ ಮಂಕಾಗಿ ಎದ್ದು ಕೂರುತ್ತವೇನೋ. ಹವಾಯಿಯ ಹಕ್ಕಿಗಳ ನೆತ್ತರಿಗೆ ಅದರ ಪರಿಚಯವೇ ಇರಲಿಲ್ಲ. ಈಈವಿ ಎಂಬ ಕೆಂಪು ಹಕ್ಕಿ ಇನ್ನೂ ಉಳಿದಿದೆ. ಅದಕ್ಕೆ ಸೋಂಕಿದ ಸೊಳ್ಳೆ ಒಂದೇ ಒಂದು ಸಲ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಸಾಯುತ್ತವೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ತಗ್ಗಿನ ಕಾಡುಗಳು ಮೊದಲು ಖಾಲಿಯಾದವು. ಚಳಿ ಇರುವ ಎತ್ತರದಲ್ಲಿ ಸೊಳ್ಳೆ ಕಮ್ಮಿ. ಅದರ ಹೊಟ್ಟೆಯೊಳಗಿನ ರೋಗಾಣು ಸುಮಾರು 13 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ. ಹಾಗಾಗಿ ಬದುಕಿದವು ಮೇಲೆ ಹತ್ತಿದವು. ಮಾವಿಯಲ್ಲಿ, 'ದೊಡ್ಡ ದ್ವೀಪ' ಅಂತಲೇ ಕರೆಯುವ ಹವಾಯಿ ದ್ವೀಪದಲ್ಲಿ ಹತ್ತಲು ಇನ್ನೂ ಬೆಟ್ಟ ಇದೆ. ಕವಾಯಿಯ ತುತ್ತತುದಿಯೇ 1,600 ಮೀಟರಿಗೆ ಸ್ವಲ್ಪ ಕಮ್ಮಿ. ಅದರಾಚೆ ಆಕಾಶ. ಹಂದಿಗಳು ಮೇಲಿನ ಕಾಡಿನಲ್ಲೂ ಉಪಕಾರ ಮಾಡಿದವು. ಅಲ್ಲಿ ಮರದಂತೆ ಬೆಳೆಯುವ ಜರೀಗಿಡಗಳಿವೆ. ಹಂದಿ ಅದನ್ನು ಉರುಳಿಸಿ, ಕಾಂಡದೊಳಗಿನ ಗಂಜಿಯಂಥ ತಿರುಳನ್ನು ಕೊರೆದು ತಿನ್ನುತ್ತದೆ. ಉಳಿಯುವುದು ಮರಿಗೆಯಂಥ ತೊಟ್ಟಿ. ಮಳೆ ಅದನ್ನು ತುಂಬಿಸುತ್ತದೆ. ಸೊಳ್ಳೆಗೆ ಇನ್ನೇನು ಬೇಕು.

ರಾತ್ರಿ ಒಂಬತ್ತರ ಸೂಜಿ

ಲಹೈನಾದಲ್ಲಿ ಇಳಿದ ಸೊಳ್ಳೆಯ ಹೆಸರು ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್. ಈ ಹೆಸರನ್ನು ನಾನು ಹಕ್ಕಿಯ ವಿಷಯ ಓದುವಾಗ ನೋಡಿದ್ದು ಎರಡನೇ ಸಲ. ಮೊದಲ ಸಲ ನೋಡಿದ್ದು ಆನೆಕಾಲು ರೋಗದ ಪೋಸ್ಟರಿನಲ್ಲಿ. ಎರಡೂ ಒಂದೇ ಸೊಳ್ಳೆ. ಚರಂಡಿ, ಕಕ್ಕಸು ಗುಂಡಿ, ಕೊಳೆತ ನೀರು ಅದಕ್ಕಿಷ್ಟ. ಕಚ್ಚುವುದು ರಾತ್ರಿ. ಸದ್ದು ಮಾಡಿಕೊಂಡೇ ಬರುವುದು. ನಿಮ್ಮ ಮಲಗುವ ಕೋಣೆಯಲ್ಲಿ ಈಗ ಇರುವುದು ಹೆಚ್ಚೂಕಡಿಮೆ ಅದೇ.

ನನ್ನ ದೊಡ್ಡಮ್ಮನ ಮನೆ ಕಡಲಿನ ಹತ್ತಿರ ಇತ್ತು. ಅಲ್ಲಿ ಸೊಳ್ಳೆಗೆ ನುಸಿ ಅನ್ನುವುದು. ಎಂಬತ್ತರ ದಶಕದ ಒಂದು ದಸರಾ ರಜೆ, ನನಗೆ ಹತ್ತೋ ಹನ್ನೊಂದೋ. ರಾತ್ರಿ ಊಟ ಮುಗಿದು ಎಲ್ಲ ಜಗಲಿಯಲ್ಲಿ ಅಡಿಕೆ ಜಗಿಯುತ್ತಾ ಕೂತಿದ್ದಾಗ ಟಾರ್ಚಿನ ಬೆಳಕು ತೋಟ ದಾಟಿ ಬಂತು. ಆರೋಗ್ಯ ಇಲಾಖೆಯವರು, ಇಬ್ಬರು. ಒಬ್ಬರ ಹೆಗಲಿಗೆ ಚೀಲ. "ರಕ್ತ ತೆಗೀಲಿಕ್ಕೆ" ಅಂದರು. ಹಗಲೆಲ್ಲ ಬಿಟ್ಟು ರಾತ್ರಿ ಯಾಕೆ ಬಂದಿರಿ ಅಂತ ದೊಡ್ಡಮ್ಮ ಕೇಳಿದ್ದಕ್ಕೆ ಚೀಲದವರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಹುಳ ಹಗಲು ಒಳಗೆ ಮಲಗಿರ್ತದೆ ಅಮ್ಮ. ನುಸಿ ಕಚ್ಚುವ ಹೊತ್ತಿಗೆ ಸರಿಯಾಗಿ ಎದ್ದು ನೆತ್ತರಿಗೆ ಬರ್ತದೆ. ಆಗಲೇ ಹಿಡೀಬೇಕು." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನೊಳಗೆ ಯಾರೋ ಗಡಿಯಾರ ನೋಡಿಕೊಂಡು ಎದ್ದು ಓಡಾಡುತ್ತಿದ್ದಾರೆ ಅನ್ನಿಸಿತ್ತು. ದೊಡ್ಡವಳಾದ ಮೇಲೆ ಓದಿದರೆ ಅವರು ಹೇಳಿದ್ದು ನಿಜವೇ. ಆನೆಕಾಲು ರೋಗ ತರುವ ಆ ಹುಳದ ಮರಿಗಳು ಸೊಳ್ಳೆಯ ಊಟದ ಹೊತ್ತಿಗೆ ಸರಿಯಾಗಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ.

ಒಬ್ಬೊಬ್ಬರೇ ಬೆರಳು ಕೊಟ್ಟೆವು. ಸೂಜಿ ಚುಚ್ಚಿ, ಗಾಜಿನ ಚೂರಿನ ಮೇಲೆ ನೆತ್ತರು ಒತ್ತಿ, ಮೂರು ಗೆರೆ ಎಳೆದು, ಪೆನ್ಸಿಲಿನಲ್ಲಿ ನಂಬರು ಬರೆದರು. ಆಗ ಜಗಲಿಯ ತುದಿಯಲ್ಲಿ ತೆಂಗಿನಕಾಯಿ ಸುಲಿಯಲು ಬರುತ್ತಿದ್ದ ಅಜ್ಜ ಕೂತಿದ್ದರು. ಬಲಗಾಲು ಮೊಣಕಾಲಿನಿಂದ ಕೆಳಗೆ ಕಂಬದಂತೆ ಊದಿತ್ತು. ಬೆರಳುಗಳು ಮಡಿಕೆಯೊಳಗೆ ಹೂತುಹೋಗಿದ್ದವು. ಆ ಕಾಲಿಗೆ ತಕ್ಕ ಚಪ್ಪಲಿ ಇಲ್ಲದೆ, ಟೈರು ಕತ್ತರಿಸಿ ಹಗ್ಗ ಕಟ್ಟಿಕೊಂಡಿದ್ದರು. ಅವರೂ ಬೆರಳು ಮುಂದೆ ಚಾಚಿದರು. ಚೀಲದವರು ಅವರ ಕಾಲನ್ನೊಮ್ಮೆ ನೋಡಿ, "ನಿಮ್ಮದು ಬೇಡ ಅಜ್ಜ" ಅಂದರು. ಯಾಕೆ ಬೇಡ ಅಂತ ಅಜ್ಜ ಕೇಳಲಿಲ್ಲ. ಚಾಚಿದ ಕೈಯನ್ನು ಹಾಗೇ ಮಡಿಲಿಗೆ ಎಳೆದುಕೊಂಡರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಓಓದ ಹಾಡು ಕೇಳಿ ಅಳುವಾಗ ನಾನು ಅದನ್ನು ಒಂದು ಪ್ರೇಮಕತೆಯಾಗಿ ಕೇಳಿದ್ದೆ. ದೂರದ ದ್ವೀಪ, ಮಂಜು, ವಿರಹ. ಅತ್ತು ಮುಗಿಸಿ ಅನ್ನಕ್ಕಿಟ್ಟೆ. ಆ ಹಾಡಿನಲ್ಲಿ ನನಗೆ ಗೊತ್ತಿರುವುದು ಏನೂ ಇರಲಿಲ್ಲ, ಹಾಗಾಗಿ ಅಳು ಸಲೀಸಾಗಿತ್ತು. ಸೊಳ್ಳೆ ನನಗೆ ಗೊತ್ತು. ಅದು ಮಡಿಲಿಗೆ ಎಳೆದುಕೊಂಡ ಒಂದು ಕೈಯಾಗಿ ಗೊತ್ತು. ಈಗ ಆ ತುಣುಕು ಹಾಕಿದರೆ ಎರಡು ಸ್ವರದ ನಡುವಿನ ಮೌನದಲ್ಲಿ ನನಗೆ ಕೇಳಿಸುವುದು ಹೆಣ್ಣು ಹಕ್ಕಿಯ ಗೈರುಹಾಜರಿ ಅಲ್ಲ. ಗುಂಯ್.

ಅಂದ ಹಾಗೆ, ಓಡಾಡುತ್ತಿರುವ ಎಲ್ಲ ತುಣುಕುಗಳೂ ಕೊನೆಯ ಹಕ್ಕಿಯವಲ್ಲ. 1970ರ ದಶಕದಲ್ಲಿ, ಇನ್ನೂ ಜೊತೆಗಾರರಿದ್ದಾಗ ಮುದ್ರಿಸಿದವೂ ಇವೆ. ವಿರಹದ ಒಕ್ಕಣೆ ಎಲ್ಲಕ್ಕೂ ಒಂದೇ.

ಹುಡುಗನ ಪ್ರಶ್ನೆಗೆ

ಅದಕ್ಕೆ ಗೊತ್ತಿತ್ತಾ ಅಂತ ಅವನು ಕೇಳಿದ್ದ. ಉತ್ತರಕ್ಕೆ ಹತ್ತಿರದ್ದೊಂದು ಆಮೇಲೆ ಸಿಕ್ಕಿತು. ಜಿಮ್ ಜಾಕೋಬಿ ಎಂಬ ಸಂಶೋಧಕರು ಹೇಳಿಕೊಂಡ ಘಟನೆ. ಅಲಕಾಯಿಯಲ್ಲಿ ಅವರಿಗೆ ಓಓ ಕೇಳಿಸಿತು. ಟೇಪಿನಲ್ಲಿ ಹಿಡಿದುಕೊಂಡರು. ಜೊತೆಯಲ್ಲಿದ್ದವರಿಗೆ ಕೇಳಿಸೋಣ ಅಂತ ಅಲ್ಲೇ ಹಾಕಿದರು. ಹೋಗಿದ್ದ ಹಕ್ಕಿ ತಕ್ಷಣ ವಾಪಸು ಹಾರಿಬಂತು. ಮೊದಲು ಅವರಿಗೆ ಖುಷಿಯಾಯಿತಂತೆ. ಆಮೇಲೆ ಅದು ಯಾಕೆ ಬಂತು ಅಂತ ಹೊಳೆಯಿತು. ಇನ್ನೊಂದು ಓಓ ಇದೆ ಅಂದುಕೊಂಡು ಬಂದಿತ್ತು. ಕೇಳಿಸಿದ್ದು ಅದರದ್ದೇ ದನಿ.

ಇದನ್ನು ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ಗೊತ್ತಿರ್ಲಿಲ್ಲ" ಅಂದ. ನನಗೆ ಅಷ್ಟು ಖಾತ್ರಿ ಇಲ್ಲ. ಆದರೆ ಅವನ ತೀರ್ಪಿಗೆ ನಾನು ಅಡ್ಡ ಹೋಗಲಿಲ್ಲ. ಸೊಳ್ಳೆಯ ಕತೆಯನ್ನೂ ಹೇಳಿದೆ, ಪೀಪಾಯಿಯಿಂದ ಹಿಡಿದು. ಅವನಿಗೆ ಅದೇ ಜಾಸ್ತಿ ಹಿಡಿಸಿತು. ಈಗ ಮಾವಿಯಲ್ಲಿ ಸೊಳ್ಳೆಗಳನ್ನು ಬೇಕಂತಲೇ ಬಿಡುತ್ತಿದ್ದಾರೆ ಅಂದಾಗ, "ಬಿಡೋದಾ?" ಅಂತ ಕಿರುಚಿದ. ಹೌದು. ವುಲ್ಬೇಕಿಯ ಎಂಬ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತಾರೆ. 2023ರ ಕೊನೆಯಿಂದ ಮಾವಿಯ ಎತ್ತರದ ಕಾಡಿನ ಮೇಲೆ ವಾರವಾರವೂ ಲಕ್ಷಗಟ್ಟಲೆ ಸುರಿಯುತ್ತಿದ್ದಾರೆ. ಹೆಲಿಕಾಪ್ಟರಿನಿಂದ, ಈಗೀಗ ಡ್ರೋನಿನಿಂದಲೂ. ಅವು ಕಾಡಿನ ಹೆಣ್ಣುಗಳ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಸಮಯ ಕಮ್ಮಿ ಇದೆ. ಕವಾಯಿಯ ಅಕಿಕಿಕಿ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿ 2023ರಲ್ಲಿ ಕಾಡಿನಲ್ಲಿ ಐದೇ ಉಳಿದಿತ್ತು.

"ಅಷ್ಟೊಂದು ಬಿಟ್ರೆ ಅಲ್ಲಿರೋರಿಗೆ ಕಚ್ಚಲ್ವಾ?" ಅಂದ. ಗಂಡು ಕಚ್ಚಲ್ಲ ಕಣೋ ಅಂದೆ. ನೆತ್ತರು ಬೇಕಾಗಿರೋದು ಹೆಣ್ಣಿಗೆ, ಮೊಟ್ಟೆಗೋಸ್ಕರ. ಗಂಡು ಹೂವಿನ ಮಕರಂದ ಕುಡಿದುಕೊಂಡು ಇರುತ್ತದೆ. ಹೇಳಿದ ಮೇಲೆ ನಾನೇ ಒಂದು ಕ್ಷಣ ನಿಂತೆ.

ದೀಪಾವಳಿಗೆ ಮತ್ತೆ ಬಂದಿದ್ದ. ಬೆಳಗ್ಗೆ ಬಚ್ಚಲುಮನೆಯಿಂದ "ದೊಡ್ಡಮ್ಮ, ಬಾ ಬೇಗ" ಅಂತ ಕೂಗಿದ. ಗೋಡೆಯ ಬಿಳಿ ಟೈಲಿನ ಮೇಲೆ ಒಂದು ಸೊಳ್ಳೆ ಕೂತಿತ್ತು. ಹುಡುಗ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ನನ್ನ ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ತಲೆಯ ಮುಂದೆ ಎರಡು ಮೀಸೆ. ಬರಿಯ ಎಳೆಯಲ್ಲ, ಸುತ್ತಲೂ ಕೂದಲು ಎದ್ದು ನಿಂತು ಸಣ್ಣ ಗರಿಯಂತಿತ್ತು. "ಗರಿ ಇದ್ರೆ ಗಂಡು, ಪುಸ್ತಕದಲ್ಲಿ ನೋಡ್ದೆ" ಅಂದ ಪಿಸುದನಿಯಲ್ಲಿ. ಕೈಯಲ್ಲಿದ್ದ ಬ್ಯಾಟನ್ನು ಹಿಂದಕ್ಕೆ ಇಟ್ಟುಕೊಂಡ. ಸೊಳ್ಳೆ ಎದ್ದು, ಒಂದು ಸುತ್ತು ಹಾಕಿ, ಕಿಟಕಿಯ ಜಾಲರಿಯ ಹರಿದ ಮೂಲೆಯಿಂದ ತುಳಸಿಕಟ್ಟೆಯ ಕಡೆ ಹೋಯಿತು.

ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಗುಂಯ್ ಅಂತು. ಕತ್ತಲಲ್ಲಿ ಅವನು ಎದ್ದು ಕೂತದ್ದು ಗೊತ್ತಾಯಿತು. ಬ್ಯಾಟಿನ ಕೆಂಪು ದೀಪ ಹೊತ್ತಿಕೊಂಡಿತ್ತು. ಬೀಸಲಿಲ್ಲ.

"ಇದು ಯಾವುದು ದೊಡ್ಡಮ್ಮ, ಗಂಡಾ ಹೆಣ್ಣಾ?"

"ಕಚ್ಚಿದ್ರೆ ಗೊತ್ತಾಗತ್ತೆ, ಮಲ್ಕೋ" ಅಂದೆ.